ತೀರ್ಥನ್ ಹೊಳೆಯ ದಂಡೆಯಲ್ಲಿ ಏಳು ದಿನ

ಹೊರಡುವ ಮೊದಲು

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕುತ್ತ ಬೆಳೆದವನು ನಾನು. ಅಲ್ಲಿ ಮೀನೆಂದರೆ ದೇವರ ಮೀನು. ನೋಡಬಹುದು, ತಿನ್ನಿಸಬಹುದು, ಹಿಡಿಯುವ ಮಾತೇ ಇಲ್ಲ. ಅಂಥ ಊರಿನವನು ಗಾಳದ ಕೋಲು ಹಿಡಿದು, ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡುವ ಆಟಕ್ಕೆ ಹಿಮಾಚಲಕ್ಕೆ ಹೊರಟಿದ್ದೇನೆ ಎಂದಾಗ ನನ್ನ ಸೋದರಮಾವ ಕೇಳಿದ್ದು ಒಂದೇ ಪ್ರಶ್ನೆ: "ತಿನ್ನುವುದಿಲ್ಲ ಅಂದ ಮೇಲೆ ಹಿಡಿಯುವುದೇಕೆ?"

ಆ ಕ್ಷಣದಲ್ಲಿ ನನ್ನಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿನ ಒಂದು ಶಾಲೆಯ ಮೈದಾನದಲ್ಲಿ ಸಹೋದ್ಯೋಗಿಯೊಬ್ಬರು ಫ್ಲೈ ರಾಡ್ ಬೀಸುವುದನ್ನು ನೋಡಿದಂದಿನಿಂದ ನನಗೆ ಈ ಹುಚ್ಚು ಹತ್ತಿತ್ತು. ಮಾಮೂಲಿ ಗಾಳದಲ್ಲಿ ತೂಕ ಇರುವುದು ತುದಿಯಲ್ಲಿ. ಗುಂಡು ಕಟ್ಟಿ ಎಸೆದರೆ ದಾರ ಅದರ ಹಿಂದೆ ಹೋಗುತ್ತದೆ. ಫ್ಲೈ ಫಿಶಿಂಗಿನಲ್ಲಿ ಇದು ತಿರುವುಮುರುವು. ಗರಿ, ರೋಮ, ನೂಲು ಸುತ್ತಿ ಹುಳದ ಆಕಾರಕ್ಕೆ ತಂದ ಫ್ಲೈ ಊದಿದರೆ ಹಾರಿಹೋಗುವಷ್ಟು ಹಗುರ. ಅದನ್ನು ಹೊತ್ತೊಯ್ಯುವುದು ದಪ್ಪ ದಾರದ ತೂಕ. ದಾರವನ್ನು ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಕಾಯುವಿಕೆ ಕೈಗೆ ಹತ್ತಲು ನನಗೆ ಎರಡು ತಿಂಗಳ ಭಾನುವಾರಗಳೆಲ್ಲ ಬೇಕಾದವು. ಕೊಕ್ಕೆಯ ಜಾಗದಲ್ಲಿ ಕೆಂಪು ಉಣ್ಣೆಯ ಚೂರು ಕಟ್ಟಿಕೊಂಡು ಹುಲ್ಲಿನ ಮೇಲೆ ಅಭ್ಯಾಸ ಮಾಡಿದೆ. ಇಂಥ ಪ್ರವಾಸಕ್ಕೆ ಹೊರಡುವವರು ಮೊದಲು ಮಾಡಬೇಕಾದ ಕೆಲಸ ಇದೇ. ಹೊಳೆಯ ದಂಡೆಗೆ ಹೋಗಿ ಬೀಸಲು ಕಲಿಯುತ್ತೇನೆ ಎಂದುಕೊಂಡರೆ ಮೂರು ದಿನ ಮರದ ಕೊಂಬೆಗಳಿಂದ ಫ್ಲೈ ಬಿಡಿಸುವುದರಲ್ಲೇ ಕಳೆದುಹೋಗುತ್ತದೆ.

ಎಲ್ಲಿಗೆ ಹೋಗಬೇಕು? ನಮ್ಮದೇ ಕಾವೇರಿಯ ಹೆಸರು ಮೊದಲು ನೆನಪಾಗುತ್ತದೆ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಯ ಶಿಬಿರಗಳಿಗೆ ಮಹಶೀರ್ ಎಂಬ ದೊಡ್ಡ ಮೀನನ್ನು ಹಿಡಿದು ಬಿಡಲೆಂದೇ ಹೊರದೇಶಗಳಿಂದ ಜನ ಬರುತ್ತಿದ್ದ ಕಾಲವಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮಹಶೀರ್ ಕಥೆಯನ್ನು ಗಾಳಗಾರರು ಈಗಲೂ ಹೇಳಿಕೊಳ್ಳುತ್ತಾರೆ. ಆದರೆ ಕಾವೇರಿ ವನ್ಯಜೀವಿ ಧಾಮದೊಳಗೆ ಈಗ ಗಾಳ ಹಾಕುವಂತಿಲ್ಲ. ಆ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿಗೆ ಬಂದು ನಿಂತಿದೆ. ಹಾಗಾಗಿ ಉತ್ತರದಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಇರುವ ಹೊಳೆಗಳ ಕಡೆ ನೋಡಿದೆ. ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆ ಮನಸ್ಸಿಗೆ ಹಿಡಿಸಿತು.

ತಿಂಗಳನ್ನು ಆರಿಸುವುದು ಮನೆಯನ್ನು ಆರಿಸುವುದಕ್ಕಿಂತ ಮುಖ್ಯ. ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವುದು ನಿಷಿದ್ಧ. ಬ್ರೌನ್ ಟ್ರೌಟ್ ಮೊಟ್ಟೆಯಿಡುವ ಕಾಲವದು. ಮೇ, ಜೂನ್‌ನಲ್ಲಿ ಹಿಮ ಕರಗಿ ಹೊಳೆ ತುಂಬಿ ಮಸುಕಾಗಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಳೆ, ಗುಡ್ಡ ಕುಸಿತ. ಉಳಿಯುವುದು ಮಾರ್ಚ್–ಏಪ್ರಿಲ್, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನಾನು ದಸರೆಯ ರಜೆಯನ್ನೇ ಹಿಡಿದೆ.

ಮೊದಲು ಮುಂಗಡ ಕೊಟ್ಟ ಒಂದು ತಂಗುದಾಣದ ಫೋಟೋದಲ್ಲಿ ಹೊಳೆ ಅಂಗಳದಲ್ಲೇ ಹರಿಯುತ್ತಿತ್ತು. ವಿಚಾರಿಸಿದರೆ, ಮನೆ ಇರುವುದು ರಸ್ತೆಯ ಮೇಲ್ಗಡೆ, ನೀರಿಗಿಳಿಯಲು ಅರ್ಧ ಗಂಟೆಯ ಇಳಿಜಾರು. ಮುಂಗಡದ ಅರ್ಧ ಹಣ ವಾಪಸು ಬಂತು, ಅರ್ಧ ಹೋಯಿತು. ಆಮೇಲೆ ಫೋನಿನಲ್ಲಿ ಕೇಳುವ ಪ್ರಶ್ನೆಗಳು ಗಟ್ಟಿಯಾದವು. ಒಂದು ಹೊತ್ತಿಗೆ ಎಷ್ಟು ಜನರನ್ನು ನೀರಿಗೆ ಬಿಡುತ್ತೀರಿ? ಗೈಡ್ ಹೊಳೆಯ ಪಕ್ಕದ ಊರಿನವರೋ ಹೊರಗಿನವರೋ? ಕೊಕ್ಕೆಯ ಒಳಮುಳ್ಳು ಮುರಿದೇ ಬಳಸುತ್ತೀರಾ? ಮೂರನೆಯ ಪ್ರಶ್ನೆಗೆ "ಹಾಗಂದರೇನು?" ಎಂದವರ ಮನೆಗಳನ್ನೆಲ್ಲ ಬಿಟ್ಟೆ. ಕೊನೆಗೆ ಆ ಕಣಿವೆಯ ಗುಶೈನಿ ಎಂಬ ಊರಿನ ಹತ್ತಿರ ನಾಲ್ಕೇ ಕೋಣೆಗಳ ಒಂದು ಮನೆ ಸಿಕ್ಕಿತು. ಯಜಮಾನರು ಮೊದಲೇ ಸ್ಪಷ್ಟವಾಗಿ ಹೇಳಿದರು: "ದಂಡೆಯ ಜಮೀನು ನಮ್ಮದು, ಹೊಳೆ ಸರ್ಕಾರದ್ದು. ದಿನಕ್ಕೆ ಇಷ್ಟು ಅಂತ ಮೀನುಗಾರಿಕೆ ಇಲಾಖೆಯ ಪರವಾನಗಿ ಮಾಡಿಸಲೇಬೇಕು, ಗುರುತಿನ ಚೀಟಿ ತನ್ನಿ." ಖಾಸಗಿ ತಂಗುದಾಣ ಎಂದಾಕ್ಷಣ ಹೊಳೆಯೂ ಖಾಸಗಿ ಎಂದು ನಂಬಿಸುವವರ ನಡುವೆ ಈ ಮಾತು ಕೇಳಿಯೇ ನಾನು ಹಣ ಕಳಿಸಿದೆ.

ಮಾವ ಜೊತೆಗೆ ಬರಲು ಒಪ್ಪಿದ್ದು ಮೀನಿನ ಆಸೆಗಲ್ಲ. ಆ ಕಣಿವೆ ಇರುವ ಬಂಜಾರ್ ಸೀಮೆಯ ದೇವರು ಶೃಂಗ ಋಷಿ ಎಂದು ನಾನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಋಷ್ಯಶೃಂಗರೇ? ಹಾಗಾದರೆ ನಾನೂ ಬರುತ್ತೇನೆ."

ಮೊದಲ ದಿನ: ಮಂಡಿಯವರೆಗೆ

ಬೆಂಗಳೂರಿನಿಂದ ಚಂಡೀಗಢಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿ. ಒಂದೇ ದಿನದಲ್ಲಿ ಗುಶೈನಿ ಮುಟ್ಟಬಹುದು ಎಂದು ಎಲ್ಲರೂ ಹೇಳುತ್ತಾರೆ. ಮಾವನಿಗೆ ಅರವತ್ತೆಂಟು ವಯಸ್ಸು, ಮಂಡಿ ಪಟ್ಟಣದಿಂದ ಮುಂದಿನ ಕಮರಿಯ ದಾರಿಯನ್ನು ಕತ್ತಲಲ್ಲಿ ಹಾಯುವುದು ನನಗೆ ಬೇಡವಾಗಿತ್ತು. ಮಂಡಿಯಲ್ಲಿ ಉಳಿದೆವು. ಸಂಜೆ ಬಿಯಾಸ್ ಮತ್ತು ಸುಕೇತಿ ನದಿಗಳು ಸೇರುವಲ್ಲಿನ ಪಂಚವಕ್ತ್ರ ಗುಡಿಗೆ ಹೋದೆವು. 2023ರ ಜುಲೈನಲ್ಲಿ ಬಿಯಾಸ್ ಉಕ್ಕಿದಾಗ ಈ ಗುಡಿಯನ್ನು ನೀರು ಸುತ್ತುವರಿದು ನುಗ್ಗಿದ ದೃಶ್ಯವನ್ನು ಟಿವಿಯಲ್ಲಿ ನೋಡಿದ್ದೆವು. ಕಲ್ಲು ನಿಂತಿದೆ. ಮಾವ ಅದರ ಗೋಡೆಯನ್ನು ಮುಟ್ಟಿ ನಮಸ್ಕರಿಸಿದರು.

ಎರಡನೆಯ ದಿನ: ಹೊಳೆಯ ಆಚೆ ದಡ

ಔಟ್ ಎಂಬ ಊರಿನ ಬಳಿ ಹೆದ್ದಾರಿ ಮೂರು ಕಿಲೋಮೀಟರಿನಷ್ಟು ಉದ್ದದ ಸುರಂಗಕ್ಕೆ ನುಗ್ಗಿ ಮನಾಲಿಯ ಕಡೆ ಹೋಗುತ್ತದೆ. ನಾವು ಸುರಂಗದ ಬಾಯಲ್ಲೇ ಬಲಕ್ಕೆ ತಿರುಗಿ ಲಾರ್ಜಿಯ ದಾರಿ ಹಿಡಿದೆವು. ಲಾರ್ಜಿಯಲ್ಲಿ ಬಿಯಾಸ್‌ಗೆ 126 ಮೆಗಾವಾಟ್ ವಿದ್ಯುತ್ತಿನ ಅಣೆಕಟ್ಟು ಇದೆ. ನೀರು ಅಲ್ಲಿ ಹಸಿರು ಗಾಜಿನಂತೆ ಸುಮ್ಮನೆ ನಿಂತಿದೆ. ಅದನ್ನು ದಾಟಿ ತೀರ್ಥನ್ ಪಕ್ಕಕ್ಕೆ ಬಂದೊಡನೆ ಶಬ್ದ ಶುರುವಾಯಿತು. ಇಲ್ಲಿ ನೀರು ಮಾತಾಡುತ್ತದೆ.

ಹಾಗೆ ಮಾತಾಡಲು ಬಿಟ್ಟಿದ್ದಾರೆ ಎನ್ನಬೇಕು. ಈ ಹೊಳೆಯ ಮೇಲೂ ಸಾಲಾಗಿ ಜಲವಿದ್ಯುತ್ ಯೋಜನೆಗಳು ಬರಬೇಕಿದ್ದವು. ಕಣಿವೆಯ ಜನ ಕೋರ್ಟಿನ ಮೆಟ್ಟಿಲು ಹತ್ತಿ ತಡೆದರು. ಬಂಜಾರಿನ ಮಾಜಿ ಶಾಸಕ ದಿಲೇ ರಾಮ್ ಶಬಾಬ್ ಆ ಹೋರಾಟಕ್ಕೆ ಮುಂದಾಳಾಗಿದ್ದರು. ಶರಾವತಿ, ವಾರಾಹಿಗಳಿಗೆ ಏನಾಯಿತು ಎಂದು ಕಣ್ಣಾರೆ ಕಂಡ ಮಲೆನಾಡಿನವರಿಗೆ ಈ ಮಾತಿನ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಂಜಾರಿನ ಎಟಿಎಂನಲ್ಲಿ ಹಣ ತೆಗೆದುಕೊಂಡೆವು. ಗುಶೈನಿಯ ಹತ್ತಿರ ಟ್ಯಾಕ್ಸಿ ನಿಂತಿತು. ಮನೆ ಆಚೆ ದಡದಲ್ಲಿತ್ತು. ಸೇತುವೆ ಇಲ್ಲ. ಉಕ್ಕಿನ ಹಗ್ಗಕ್ಕೆ ತೂಗುಹಾಕಿದ ಕಬ್ಬಿಣದ ತೊಟ್ಟಿಲಲ್ಲಿ ಒಂದು ಸಲಕ್ಕೆ ಇಬ್ಬರು ಕೂತು ಹಗ್ಗ ಎಳೆದುಕೊಂಡು ದಾಟಬೇಕು. ಮಾವ ಕಣ್ಣು ಮುಚ್ಚಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಬಗ್ಗಿ ಕೆಳಗಿನ ನೀರನ್ನೇ ನೋಡುತ್ತಿದ್ದರು. "ತಳದ ಕಲ್ಲು ಎಣಿಸಬಹುದು ನೋಡು," ಎಂದರು. ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ. ತಿಳಿನೀರಿನಲ್ಲಿ ನಾವು ಮೀನನ್ನು ಕಾಣುವ ಮೊದಲೇ ಮೀನು ನಮ್ಮನ್ನು ಕಂಡಿರುತ್ತದೆ.

ಮರದ ತೊಲೆ, ಕಲ್ಲಿನ ವರಸೆ ಒಂದರ ಮೇಲೊಂದು ಕೂರಿಸಿ ಕಟ್ಟಿದ ಕಾಠ್‌ಕುಣಿ ಮನೆ. ಅಂಗಳದಲ್ಲಿ ಅಕ್ರೋಟು ಮರ. ರಾತ್ರಿ ಊಟಕ್ಕೆ ಸಿಡ್ಡು ಮಾಡಿದ್ದರು: ಹುಳಿ ಬಂದ ಗೋಧಿ ಹಿಟ್ಟಿನೊಳಗೆ ಅಕ್ರೋಟು, ಗಸಗಸೆಯ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ, ಮೇಲೆ ಧಾರಾಳವಾಗಿ ತುಪ್ಪ. ಮಾವನಿಗೆ ನಮ್ಮ ಕಡುಬು ನೆನಪಾಯಿತು. ಎರಡು ಕೇಳಿ ಹಾಕಿಸಿಕೊಂಡರು.

ಮೂರನೆಯ ದಿನ: ಕಲ್ಲಿನ ಅಡಿ

ಬೆಳಗ್ಗೆ ಐದಕ್ಕೇ ಎದ್ದು ಸಿದ್ಧನಾಗಿದ್ದೆ. ಗೈಡ್ ಬಂದದ್ದು ಒಂಬತ್ತೂವರೆಗೆ. ಕುಲ್ಲು ಟೋಪಿಯ, ಮೂವತ್ತರ ಆಸುಪಾಸಿನ ಯುವಕ. ಅಕ್ಟೋಬರಿನಲ್ಲಿ ಬಿಸಿಲು ಕಣಿವೆಯ ತಳ ಮುಟ್ಟಿ ನೀರು ಸ್ವಲ್ಪ ಬೆಚ್ಚಗಾಗದೆ ಹುಳಗಳು ಏಳುವುದಿಲ್ಲ, ಹುಳ ಏಳದೆ ಮೀನು ಮೇಲೆ ಬರುವುದಿಲ್ಲ ಎಂದ. ಹತ್ತರಿಂದ ಮೂರರವರೆಗಿನ ಹೊತ್ತೇ ಕೆಲಸದ ಹೊತ್ತು. ಅವನು ಮೊದಲು ಮಾಡಿದ್ದು ಜೇಬಿನಿಂದ ಇಕ್ಕಳ ತೆಗೆದು ನನ್ನ ಡಬ್ಬಿಯ ಪ್ರತಿಯೊಂದು ಕೊಕ್ಕೆಯ ಒಳಮುಳ್ಳನ್ನೂ ಒತ್ತಿ ಚಪ್ಪಟೆ ಮಾಡಿದ್ದು. ಮುಳ್ಳಿಲ್ಲದ ಕೊಕ್ಕೆ ಸಲೀಸಾಗಿ ಬಿಡಿಸಿಕೊಳ್ಳುತ್ತದೆ, ಮೀನಿನ ಬಾಯಿ ಹರಿಯುವುದಿಲ್ಲ.

ಆಮೇಲೆ ಕೋಲನ್ನು ದಂಡೆಯಲ್ಲೇ ಒರಗಿಸಿಡಲು ಹೇಳಿ, ಮೊಣಕಾಲುದ್ದದ ನೀರಿಗಿಳಿದು ಒಂದು ಕಲ್ಲನ್ನು ಎತ್ತಿ ತಿರುಗಿಸಿ ಹಿಡಿದ. ಕಲ್ಲಿನ ಅಡಿಯಲ್ಲಿ ಒಂದು ಊರೇ ಇತ್ತು. ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಕಟ್ಟಿಕೊಂಡ, ಅಕ್ಕಿಕಾಳಿಗಿಂತ ತುಸು ದೊಡ್ಡ ಕೊಳವೆಗಳು. ಒಂದು ಕೊಳವೆಯ ತುದಿಯಿಂದ ಕಪ್ಪು ತಲೆ, ಆರು ಕಾಲು ಮೆಲ್ಲನೆ ಹೊರಬಂದವು. ಅದು ಕ್ಯಾಡಿಸ್ ಹುಳ. ಪಕ್ಕದಲ್ಲಿ ಚಪ್ಪಟೆ ಮೈಯ, ಮೂರು ಬಾಲದ ಮೇಫ್ಲೈ ಮರಿಯೊಂದು ತೇವದ ಕಲ್ಲಿನ ಮೇಲೆ ಏಡಿಯಂತೆ ಅಡ್ಡಡ್ಡ ಸರಿಯಿತು. ಮಾವ ಮಂಡಿಯೂರಿ ಕೂತು ಭೂತಗನ್ನಡಿಗಾಗಿ ಜೇಬು ತಡಕಿದರು. ನಲವತ್ತು ವರ್ಷ ವಿಜ್ಞಾನದ ಪಾಠ ಹೇಳಿದವರು ಅವರು. "ಇದು ಸಿಕ್ಕುವುದು ಚೊಕ್ಕ ನೀರಿನಲ್ಲಿ ಮಾತ್ರ," ಎಂದು ನನಗೆ ಹೇಳಿದರು, ಗೈಡ್ ಹೇಳುವುದಕ್ಕೂ ಮೊದಲು. ಕಲ್ಲನ್ನು ಇದ್ದ ಮಗ್ಗುಲಿಗೇ ಇಟ್ಟು ಬಂದೆವು.

ಆ ದಿನ ನನಗೆ ಮೀನು ಸಿಗಲಿಲ್ಲ. ಬೆನ್ನ ಹಿಂದೆ ಆಲ್ಡರ್ ಮರಗಳು. ಮೈದಾನದಲ್ಲಿ ಕಲಿತ ಬೀಸು ಇಲ್ಲಿ ನಡೆಯುವುದಿಲ್ಲ. ದಾರವನ್ನು ಹಿಂದಕ್ಕೆ ಹಾರಿಸದೆ ನೀರಿನ ಮೇಲೇ ಸುರುಳಿಯಾಗಿ ಉರುಳಿಸುವ ರೋಲ್ ಕಾಸ್ಟ್ ಕಲಿಯಬೇಕಾಯಿತು. ಅದಕ್ಕಿಂತ ಕಷ್ಟವಾದದ್ದು ಫ್ಲೈ ಬಿದ್ದ ಮೇಲಿನ ಕೆಲಸ. ನಡುಹೊಳೆಯ ನೀರು ವೇಗವಾಗಿ ಓಡುತ್ತದೆ, ಬಂಡೆಯ ಮರೆಯ ನೀರು ನಿಧಾನ. ದಾರ ವೇಗದ ನೀರಿನಲ್ಲಿ ಬಿದ್ದರೆ ಫ್ಲೈಯನ್ನು ಎಳೆದುಕೊಂಡು ಓಡುತ್ತದೆ. ಹಾಗೆ ಓಡುವ ಹುಳ ಲೋಕದಲ್ಲಿಲ್ಲ ಎಂದು ಮೀನಿಗೆ ಗೊತ್ತು. "ನೀರನ್ನು ನೋಡಿ, ಮೀನನ್ನು ಹುಡುಕಬೇಡಿ" ಎಂದು ಗೈಡ್ ಹಿಂದಿಯಲ್ಲಿ ಎಷ್ಟು ಸಲ ಹೇಳಿದನೋ!

ನಾಲ್ಕನೆಯ ದಿನ: ಋಷಿ ಮನೆಯಲ್ಲಿಲ್ಲ

ರಾತ್ರಿ ಮೇಲ್ಗಡೆ ಎಲ್ಲೋ ಮಳೆ ಬಿದ್ದು ಹೊಳೆ ಬೂದಿಬಣ್ಣಕ್ಕೆ ತಿರುಗಿತ್ತು. ಯೋಜನೆ ಹಾಕುವಾಗ ಒಂದು ಖಾಲಿ ದಿನವನ್ನು ಕೈಯಲ್ಲಿಟ್ಟುಕೊಂಡಿದ್ದು ಒಳ್ಳೆಯದಾಯಿತು. ಆ ದಿನವನ್ನು ಮಾವನಿಗೆ ಕೊಟ್ಟೆ.

ಬಂಜಾರಿನ ಮೇಲ್ಗಡೆ, ಚೆಹಣಿ ಕೋಠಿಯ ಹತ್ತಿರ, ಶೃಂಗ ಋಷಿಯ ಗುಡಿ. ಕೋಠಿ ಎಂದರೆ ಮರ, ಕಲ್ಲು ಸೇರಿಸಿ ಕಟ್ಟಿದ ಎತ್ತರದ ಗೋಪುರ. ಅದರ ಮೇಲಿನ ಒಂದಷ್ಟು ಅಂತಸ್ತುಗಳು 1905ರ ಕಾಂಗ್ರಾ ಭೂಕಂಪದಲ್ಲಿ ಬಿದ್ದುಹೋದವು ಎನ್ನುತ್ತಾರೆ. ಉಳಿದಷ್ಟನ್ನು ನೋಡಲೂ ಕತ್ತೆತ್ತಬೇಕು. ಮಾವ ಅಲ್ಲಲ್ಲಿ ಕೂತು ದಣಿವಾರಿಸಿಕೊಂಡು ಹತ್ತಿದರು.

ಗುಡಿಯ ಬಳಿ ಒಬ್ಬ ಅಜ್ಜಿ ಪಟ್ಟು ಎಂಬ ಉಣ್ಣೆಯ ಹೊದಿಕೆ ಹೊದ್ದು ಉಣ್ಣೆ ನೂಲುತ್ತಿದ್ದರು. ದೇವರ ದರ್ಶನ ಕೇಳಿದ್ದಕ್ಕೆ, ದೇವರು ದಸರೆಗೆ ಕುಲ್ಲುವಿಗೆ ಹೋಗಿದ್ದಾರೆ ಎಂದರು. ನಮ್ಮ ಮೈಸೂರಿನ ದಸರೆ ಮುಗಿಯುವ ವಿಜಯದಶಮಿಯಂದೇ ಕುಲ್ಲುವಿನ ದಸರೆ ಶುರುವಾಗುವುದು. ಕಣಿವೆಗಳ ದೇವತೆಗಳೆಲ್ಲ ಪಲ್ಲಕ್ಕಿ ಏರಿ ರಘುನಾಥನ ರಥದ ಬಳಿಗೆ ಹೋಗುತ್ತಾರೆ. ಇದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಮಾವನ ಮುಖ ನೋಡಲು ಸಂಕೋಚವಾಯಿತು.

ಅವರಿಗೆ ಬೇಸರವಾಗಿರಲಿಲ್ಲ. ಮುಚ್ಚಿದ ಬಾಗಿಲ ಎದುರು ನಿಂತು, ನಾವು ಶೃಂಗೇರಿಯವರು, ಋಷ್ಯಶೃಂಗರ ಹೆಸರಿನ ಊರಿನವರು ಎಂದು ತಮಗೆ ಬರುವ ಹಿಂದಿಯಲ್ಲಿ ಅಜ್ಜಿಗೆ ಹೇಳಿದರು. ಅಷ್ಟು ದೂರದ ದಕ್ಷಿಣದಲ್ಲೂ ನಮ್ಮ ದೇವರು ಇದ್ದಾರೆಯೇ ಎಂದು ಅಜ್ಜಿ ಕೇಳಿದರು. ಅಲ್ಲಿಯ ಹೊಳೆಯಲ್ಲಿ ಮೀನು ಹಿಡಿಯುವುದಿಲ್ಲ, ಅನ್ನ ಹಾಕುತ್ತೇವೆ ಎಂದು ಮಾವ ಹೇಳಿದಾಗ ಅವರು ನೂಲುವುದನ್ನು ನಿಲ್ಲಿಸಿ ಕೇಳಿದರು. ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಹೊರಡುವಾಗ ಅಜ್ಜಿ ಮಾವನ ಎರಡೂ ಜೇಬುಗಳಿಗೆ ಅಕ್ರೋಟು ತುಂಬಿದರು.

ಇಳಿಯುವಾಗ ಮಾವ ಮತ್ತೆ, ತಿನ್ನದ ಮೀನನ್ನು ಹಿಡಿಯುವುದೇಕೆ ಎಂಬ ಅದೇ ಪ್ರಶ್ನೆಗೆ ಬಂದರು. ಈ ಸಲ ಜೊತೆಗೆ ಬಂದಿದ್ದ ಗೈಡ್ ಉತ್ತರ ಹೇಳಿದ. ಹೊಳೆಗೆ ಬ್ಲೀಚಿಂಗ್ ಪುಡಿ ಸುರಿದು, ಸಿಡಿಮದ್ದು ಎಸೆದು ಮೀನು ಬಾಚುವವರು ಇದ್ದಾರೆ. ದಿನವೂ ಒಬ್ಬಿಬ್ಬರು ಕೋಲು ಹಿಡಿದು ನೀರಿನಲ್ಲಿ ನಿಂತಿದ್ದರೆ ಅವರು ಬರುವುದಿಲ್ಲ. ಮೀನು ಇದ್ದರೆ ಅತಿಥಿ ಬರುತ್ತಾನೆ. ಅತಿಥಿ ಬಂದರೆ ಊರಿನ ಹುಡುಗರು ದಿಲ್ಲಿಗೆ ಕೆಲಸ ಹುಡುಕಿ ಹೋಗುವುದಿಲ್ಲ. ನಾನು ಕಾವೇರಿಯ ಶಿಬಿರಗಳ ನೆನಪು ತೆಗೆದೆ. ಒಂದು ಕಾಲಕ್ಕೆ ಕದ್ದು ಮೀನು ಹಿಡಿಯುತ್ತಿದ್ದವರೇ ಅಲ್ಲಿ ಗೈಡ್‌ಗಳಾಗಿ ಮಹಶೀರ್ ಕಾದರು. ಮಾವ ತಲೆದೂಗಿದರು, ಒಪ್ಪಿದೆ ಎನ್ನಲಿಲ್ಲ. ನೋಯುವುದು ಮೀನಿಗೆ, ಲಾಭ ಊರಿಗೆ; ಈ ಲೆಕ್ಕದಲ್ಲಿ ಮೀನಿನ ಪಾಲೆಷ್ಟು ಎಂದು ಕೇಳಿದರು. ನನಗೆ ಆ ಪ್ರಶ್ನೆ ಸರಿಯೆಂದೇ ಕಾಣುತ್ತದೆ.

ಐದನೆಯ ದಿನ: ರೋಲಾ ದಾರಿ

ನೀರು ಇನ್ನೂ ಪೂರ್ತಿ ತಿಳಿಯಾಗಿರಲಿಲ್ಲ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಕಡೆ, ರೋಲಾ ದಾರಿಯಲ್ಲಿ ಮಧ್ಯಾಹ್ನದವರೆಗೆ ನಡೆದು ಹಿಂದಿರುಗಿದೆವು. 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡು ಇದು. ತೀರ್ಥನ್ ಹುಟ್ಟುವುದು ಇದರ ನೆತ್ತಿಯಲ್ಲಿ. ಉದ್ಯಾನದೊಳಗೆ ಗಾಳ ಇಲ್ಲ. ಮೇಲೆ ಕಾಡು ಹೀಗೆ ಇರುವುದರಿಂದಲೇ ಕೆಳಗೆ ಹೊಳೆ ಎರಡು ದಿನದಲ್ಲಿ ತಿಳಿಯಾಗುತ್ತದೆ.

ದಾರಿಯಲ್ಲಿ ಮಾವ ಟ್ರೌಟ್ ಇಲ್ಲಿಯದೇ ಮೀನೇ ಎಂದು ವಿಚಾರಿಸಿದರು. ಅಲ್ಲ. ಹೋವೆಲ್ ಎಂಬ ಬ್ರಿಟಿಷ್ ಅಧಿಕಾರಿ 1909ರಲ್ಲಿ ಕಾಶ್ಮೀರದಿಂದ ಮೊಟ್ಟೆ ತರಿಸಿ ಕುಲ್ಲುವಿನ ಮಹಿಲಿಯಲ್ಲಿ ಮರಿ ಮಾಡಿಸಿದ. ಕಾಶ್ಮೀರಕ್ಕೆ ಅದು ಬಂದದ್ದು ಸ್ಕಾಟ್ಲೆಂಡಿನಿಂದ. ಇಲ್ಲಿಯ ಮೂಲನಿವಾಸಿ ಸ್ನೋ ಟ್ರೌಟ್ ಎಂಬ ಬೇರೆ ಮೀನು, ಹೆಸರು ಹಾಗಿದ್ದರೂ ಕೆಂಡೆ (ಕಾರ್ಪ್) ಮೀನುಗಳ ಬಳಗದ್ದು. ಹೊಸಬ ಬಂದಮೇಲೆ ಹಳಬನಿಗೆ ಜಾಗ ಇಕ್ಕಟ್ಟಾಯಿತು. ಟ್ರೌಟ್ ಹೊಳೆಯನ್ನು ಪ್ರೀತಿಸುವವರು ಇದನ್ನು ಮುಚ್ಚಿಡಬಾರದು.

ಆರನೆಯ ದಿನ: ಒದ್ದೆ ಕೈ

ಬೆಳಗ್ಗೆ ಕಿಟಕಿ ತೆರೆದಾಗಲೇ ಗೊತ್ತಾಯಿತು, ನೀರು ನೀಲಿಗೆ ತಿರುಗಿತ್ತು.

ಗೈಡ್ ನಮ್ಮನ್ನು ಮೇಲ್ಗಡೆಯ ಒಂದು ಮಡುವಿಗೆ ಕರೆದೊಯ್ದ. ನಡುವೆ ಹರಳುಕಲ್ಲಿನ ತೆಳುನೀರು ಬಂತು. ಅದರಲ್ಲಿ ಕಾಲಿಡದೆ ದಂಡೆ ಹತ್ತಿ ಸುತ್ತಿಬಂದೆವು. ಇನ್ನು ಕೆಲವೇ ವಾರಗಳಲ್ಲಿ ಹೆಣ್ಣು ಮೀನುಗಳು ಅಲ್ಲಿ ಬಾಲದಿಂದ ಹರಳು ಕೆದಕಿ ಮೊಟ್ಟೆಗೆ ಗುಣಿ ಮಾಡುತ್ತವೆ. ಮಡುವಿನ ತಲೆಗೆ ಒಂದು ಬಂಡೆ, ಅದರ ಎರಡು ಮಗ್ಗುಲಿನ ನೀರು ಸೇರುವಲ್ಲಿ ನೊರೆಯ ಗೆರೆ. ನಾವು ಮೂವರೂ ಹತ್ತು ನಿಮಿಷ ಸುಮ್ಮನೆ ನಿಂತೆವು. ಮೊದಲು ಕಂಡದ್ದು ಮಾವನಿಗೆ. ನೊರೆಯ ಗೆರೆಯ ಪಕ್ಕ, ಮಳೆಹನಿ ಬಿದ್ದಷ್ಟು ಸಣ್ಣ ಉಂಗುರ. ಮತ್ತೆ ಅದೇ ಜಾಗದಲ್ಲಿ ಇನ್ನೊಂದು.

ಮೊದಲನೆಯ ಬೀಸು ಗಿಡ್ಡವಾಯಿತು. ಎರಡನೆಯದು ಸರಿಯಾಗಿ ಬಿದ್ದರೂ ದಾರ ಎಳೆಯಿತು. ಮೂರನೆಯದಕ್ಕೆ ಕೋಲಿನ ತುದಿಯಿಂದ ದಾರವನ್ನು ಮೇಲ್ನೀರಿಗೆ, ಎಂದರೆ ನೀರು ಹರಿದುಬರುವ ಕಡೆಗೆ, ಎತ್ತಿ ಹಾಕಿದೆ. ಫ್ಲೈ ಯಾರ ಹಂಗೂ ಇಲ್ಲದಂತೆ ತೇಲಿತು. ಒಂದು ಮೂಗು ಮೇಲೆ ಬಂತು, ಫ್ಲೈ ಇರಲಿಲ್ಲ. ಕೋಲು ಎತ್ತಿದೆ. ಮುಂದಿನ ಒಂದೆರಡು ನಿಮಿಷ ನನ್ನ ಬಲಗೈಗೆ ಹೊಳೆಯ ಜೀವವೇ ಬಂದು ತಾಗಿದಂತಿತ್ತು.

"ಕೈ ಒದ್ದೆ ಮಾಡಿಕೊಳ್ಳಿ," ಎಂದು ಗೈಡ್ ಕೂಗಿದ. ಒಣಗಿದ ಕೈ ಮೀನಿನ ಮೈಯ ಲೋಳೆಯನ್ನು ಒರೆಸಿಬಿಡುತ್ತದೆ; ಆ ಲೋಳೆಯೇ ಅದಕ್ಕೆ ರೋಗದಿಂದ ರಕ್ಷಣೆ. ಬಲೆಯನ್ನು ನೀರಿನಿಂದ ಎತ್ತದೆ ಹಿಡಿದ. ಬೆಣ್ಣೆಹಳದಿ ಹೊಟ್ಟೆ, ಕಂದು ಬೆನ್ನು, ಮಗ್ಗುಲಲ್ಲಿ ಕಪ್ಪು ಚುಕ್ಕೆಗಳ ನಡುವೆ ಕುಂಕುಮದ ಬೊಟ್ಟಿನಂಥ ಕೆಂಪು, ಪ್ರತಿ ಬೊಟ್ಟಿಗೂ ತಿಳಿನೀಲಿ ಅಂಚು. ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದ. ಮುಳ್ಳಿಲ್ಲದ ಕೊಕ್ಕೆ ಬೆರಳು ತಾಗಿಸಿದ್ದಕ್ಕೇ ಕಳಚಿ ಬಂತು. ನಾನು ಫೋಟೋ ತೆಗೆಯಲಿಲ್ಲ. ಮೊಬೈಲ್ ನೆನಪಾದದ್ದು ಆಮೇಲೆ.

ಮೀನು ದಣಿದಿತ್ತು. ತಲೆ ಮೇಲ್ನೀರಿಗೆ ಮಾಡಿ, ಕಿವಿರಿನಲ್ಲಿ ನೀರು ಹರಿಯುವಂತೆ ಸ್ವಲ್ಪ ಹೊತ್ತು ಆಧರಿಸಿ ಹಿಡಿಯಬೇಕು. ಮಾವ ಪಂಚೆ ಮೇಲೆ ಕಟ್ಟಿ ಆಗಲೇ ನೀರಿಗಿಳಿದಿದ್ದರು. "ಇಲ್ಲಿ ಕೊಡು," ಎಂದರು. ಎರಡೂ ಕೈಗಳನ್ನು ಮುಳುಗಿಸಿ ನೆನೆಸಿಕೊಂಡು, ಮಗುವಿನ ತಲೆಯ ಕೆಳಗೆ ಕೈ ಕೊಡುವಂತೆ ಅದರ ಹೊಟ್ಟೆಯ ಕೆಳಗೆ ಅಂಗೈ ಇಟ್ಟರು. ಕಿವಿರು ತೆರೆಯಿತು, ಮುಚ್ಚಿತು. ಅವರು ಏನನ್ನೋ ಎಣಿಸುತ್ತಿದ್ದರು. ಆ ನೀರು ಎಷ್ಟು ತಣ್ಣಗಿತ್ತೆಂದರೆ ನನ್ನ ಕಾಲು ಮರಗಟ್ಟಿತ್ತು, ಅವರು ಅಲುಗಾಡಲಿಲ್ಲ. ಬಾಲ ಒಮ್ಮೆ ಆಡಿತು. ಇನ್ನೊಮ್ಮೆ ಆಡಿದಾಗ ಅಂಗೈ ಖಾಲಿಯಾಗಿತ್ತು.

"ಇನ್ನು ಸಾಕು, ಅಲ್ಲವೇ?" ಎಂದರು. ಇನ್ನೂ ಹನ್ನೆರಡೂವರೆ. ಪರವಾನಗಿ ಸಂಜೆಯವರೆಗೆ ಇತ್ತು. ನಾನು ದಾರ ಸುತ್ತಿಕೊಂಡೆ. ಉಳಿದ ಹಗಲನ್ನೆಲ್ಲ ಆ ಬಂಡೆಯ ಮೇಲೆ ಅಜ್ಜಿಯ ಅಕ್ರೋಟು ಒಡೆದು ತಿನ್ನುತ್ತ, ಉಂಗುರ ಎದ್ದಲ್ಲೆಲ್ಲ ಕೈ ತೋರಿಸುತ್ತ ಕಳೆದೆವು. ಮೂರು ಗಂಟೆಗೆ ಬಿಸಿಲು ಆಚೆ ಗುಡ್ಡ ಏರುವಷ್ಟರಲ್ಲಿ ಮಾವ ಹದಿನೇಳು ಎಣಿಸಿದ್ದರು.

ಏಳನೆಯ ದಿನ: ಹಿಂದಿರುಗುವ ದಾರಿ

ಲೆಕ್ಕ ತೀರಿಸುವಾಗ ಯಜಮಾನರು ಮುಂದಿನ ಮಾರ್ಚಿನ ಪುಸ್ತಕ ತೆರೆದರು. ಮೊದಲ ವಾರ ಬೇಡ, ನೀರು ಮಂಜುಗಡ್ಡೆಯಂತಿರುತ್ತದೆ, ಕೊನೆಯ ವಾರ ಬನ್ನಿ ಎಂದರು. ನೀರಿನ ಪಕ್ಕದ ಕೆಳಗಿನ ಕೋಣೆಯನ್ನು ಇಬ್ಬರ ಹೆಸರಿನಲ್ಲಿ ಬರೆಸಿದೆ. ಮಾವ ಪಕ್ಕದಲ್ಲೇ ನಿಂತಿದ್ದರು, ಬೇಡವೆನ್ನಲಿಲ್ಲ. ತೊಟ್ಟಿಲಿನಲ್ಲಿ ದಾಟುವಾಗ ನಡುಹೊಳೆಯಲ್ಲಿ ಹಗ್ಗ ಎಳೆಯುವುದನ್ನು ನಿಲ್ಲಿಸಲು ಹೇಳಿ, ಕೆಳಗೆ ಬಗ್ಗಿ ನೋಡುತ್ತ, "ಆ ಎಡಗಡೆಯ ಕರಿಬಂಡೆಯ ಹಿಂದೆ ಒಂದಿದೆ," ಎಂದರು.